ಗಾಜಿನ ಮನೆಯ ಹೂವು, ಕರಗದ ಮಲ್ಲಿಗೆ

ಬೆಂಗಳೂರಿನ ಲಾಲ್‌ಬಾಗಿನಲ್ಲಿ ವರ್ಷಕ್ಕೆರಡು ಬಾರಿ, ಗಣರಾಜ್ಯೋತ್ಸವ ಹಾಗೂ ಸ್ವಾತಂತ್ರ್ಯೋತ್ಸವದ ಸಂದರ್ಭಗಳಲ್ಲಿ ಫಲಪುಷ್ಪ ಪ್ರದರ್ಶನ ನಡೆಯುವುದು ಎಲ್ಲರಿಗೂ ತಿಳಿದ ಸಂಗತಿ. ನಾನು ಪ್ರೌಢಶಾಲೆಯಲ್ಲಿ ಇತಿಹಾಸ ಬೋಧಿಸುತ್ತಿದ್ದ ವರ್ಷಗಳಲ್ಲಿ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ತಲೆ ಎಣಿಸಿ, ಅಲ್ಲಿಗೆ ಕರೆದೊಯ್ಯುವ ಹೊಣೆ ಸಾಮಾನ್ಯವಾಗಿ ನನ್ನ ಪಾಲಿಗೆ ಬರುತ್ತಿತ್ತು. ಗಾಜಿನ ಮನೆಯ ಮುಂದೆ ನಿಂತು ನಾನು ಹೇಳುತ್ತಿದ್ದ ಪಾಠವೂ ಪ್ರತಿ ವರ್ಷ ಒಂದೇ ಆಗಿರುತ್ತಿತ್ತು: 1760ರಲ್ಲಿ ಹೈದರಾಲಿ ಈ ತೋಟಕ್ಕೆ ಅಡಿಪಾಯ ಹಾಕಿದ, ಟಿಪ್ಪು ಬೆಳೆಸಿದ, ಬಳಿಕ ಆಂಗ್ಲರು ನೋಡಿಕೊಂಡರು. ಈ ಪಾಠದಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಅದು ಅರ್ಧ ಪಾಠವಾಗಿತ್ತೆಂಬುದು ನನಗೆ ಅರಿವಾದದ್ದು ತಡವಾಗಿ, ಅದೂ ಒಬ್ಬ ವಿದ್ಯಾರ್ಥಿಯಿಂದ.

ಮೊದಲು ಬರೆದಿಟ್ಟ ಅರ್ಧವನ್ನು ನೋಡೋಣ. ಹೈದರಾಲಿಯ ತೋಟ ಆರಂಭದಲ್ಲಿ ಸುಮಾರು 40 ಎಕರೆಯಷ್ಟಿತ್ತು. ಶ್ರೀರಂಗಪಟ್ಟಣ ಪತನವಾದ ಮರುವರ್ಷ, ಅಂದರೆ 1800ರಲ್ಲಿ, ಬೆಂಗಳೂರಿಗೆ ಬಂದ ಫ್ರಾನ್ಸಿಸ್ ಬುಕಾನನ್ ಇಲ್ಲಿಯ ತೋಟಗಳನ್ನು ಕಂಡು, ಚೌಕಾಕಾರದ ಪಾತಿಗಳನ್ನೂ ನಡುವಣ ದಾರಿಗಳ ಇಕ್ಕೆಲದ ಸೈಪ್ರೆಸ್ ಮರಗಳನ್ನೂ ವರ್ಣಿಸಿದ್ದಾನೆ. 1856ರಲ್ಲಿ ಲಾಲ್‌ಬಾಗ್ ಸರ್ಕಾರಿ ಸಸ್ಯೋದ್ಯಾನವಾಯಿತು. ಲಂಡನ್ ಸಮೀಪದ ಕ್ಯೂ ಉದ್ಯಾನದಿಂದ ವಿಲಿಯಂ ನ್ಯೂ ಬಂದರು. 1874ರಲ್ಲಿ ಜಾನ್ ಕ್ಯಾಮರಾನ್ ಬಂದು ಮೂರು ದಶಕಗಳಿಗೂ ಮೀರಿ ಇಲ್ಲಿದ್ದರು. ಪುಷ್ಪ ಪ್ರದರ್ಶನಕ್ಕೆಂದೇ ನಿರ್ಮಿಸಿದ ಗಾಜಿನ ಮನೆಗೆ 1889ರ ನವೆಂಬರ್ 30ರಂದು ಬ್ರಿಟಿಷ್ ರಾಜಕುಮಾರ ಆಲ್ಬರ್ಟ್ ವಿಕ್ಟರ್ ಶಂಕುಸ್ಥಾಪನೆ ಮಾಡಿದ್ದು ಕ್ಯಾಮರಾನರ ಕಾಲದಲ್ಲಿಯೇ. 1908ರಲ್ಲಿ ಬಂದ ಜರ್ಮನಿಯ ಕೃಂಬಿಗಲ್ ನಗರದ ಬೀದಿಗಳಲ್ಲಿ ಒಂದು ಮರ ಹೂವುದುರಿಸುವ ಹೊತ್ತಿಗೆ ಇನ್ನೊಂದು ಅರಳುವಂತೆ ಸಾಲುಮರಗಳನ್ನು ಯೋಜಿಸಿದರು. ನಂತರ ಜವರಾಯರು, ಮರಿಗೌಡರು ಈ ಪರಂಪರೆಯನ್ನು ಮುಂದುವರಿಸಿದರು. ಇಂದು ಲಾಲ್‌ಬಾಗಿನ ವಿಸ್ತೀರ್ಣ 240 ಎಕರೆ. ಈ ಮಹನೀಯರೆಲ್ಲ ಪ್ರಾತಃಸ್ಮರಣೀಯರು, ಸಂಶಯವಿಲ್ಲ. ಆದರೆ ಪಾತಿ ಕಟ್ಟಿ ಸಸಿ ನೆಟ್ಟ ಕೈಗಳು ಯಾರವು? ಆ ಹೆಸರುಗಳು ನಮ್ಮ ಯಾವ ಪಠ್ಯಪುಸ್ತಕದಲ್ಲಿಯೂ ಇಲ್ಲ.

ಒಂದು ಚೈತ್ರ ಮಾಸದಲ್ಲಿ ನನ್ನ ತರಗತಿಯ ಹುಡುಗನೊಬ್ಬ ಎರಡು ದಿನ ಶಾಲೆಗೆ ಬರಲಿಲ್ಲ. ಮೂರನೆಯ ದಿನ ಬಂದವನು ಮೊದಲ ಅವಧಿಯಲ್ಲಿಯೇ ತೂಕಡಿಸಿದ. ಎಬ್ಬಿಸಿ ನಿಲ್ಲಿಸಿ ಗದರಿದೆ. "ಕರಗ ಇತ್ತು ಸಾರ್, ನಮ್ಮ ಮನೆಯಲ್ಲಿ ವೀರಕುಮಾರರು," ಎಂದ. "ಹಬ್ಬವಾದರೆ ಪಾಠ ಬೇಡವೇ?" ಎಂದು ಕೇಳಿ, ಆ ಅವಧಿ ಮುಗಿಯುವವರೆಗೂ ನಿಲ್ಲಿಸಿಯೇ ಇದ್ದೆ. ಅವನ ತಂದೆ ಲಾಲ್‌ಬಾಗಿನ ಮಾಲಿಯೆಂಬುದು ಬಹಳ ದಿನಗಳ ಮೇಲೆ ಸಹೋದ್ಯೋಗಿಯೊಬ್ಬರಿಂದ ತಿಳಿಯಿತು. ನಾನು ಮಕ್ಕಳನ್ನು ಸಾಲಾಗಿ ನಿಲ್ಲಿಸಿ ತೋರಿಸುತ್ತಿದ್ದ ಹೂವುಗಳಿಗೆ ನೀರೆರೆದವರು ಅವರೇ ಇರಬಹುದಿತ್ತು. ಪ್ರದರ್ಶನಕ್ಕೆ ಬಂದಾಗ ಆ ಹುಡುಗ ಅದನ್ನು ಒಮ್ಮೆಯೂ ಹೇಳಿರಲಿಲ್ಲ. ನಾನು ಕೇಳಿರಲೂ ಇಲ್ಲ.

ಬೆಂಗಳೂರಿನ ತಿಗಳ ಸಮುದಾಯದವರು, ವಹ್ನಿಕುಲ ಕ್ಷತ್ರಿಯರೆಂದೂ ಕರೆಸಿಕೊಳ್ಳುವವರು, ತಲೆಮಾರುಗಳಿಂದ ತೋಟಗಾರಿಕೆಯಲ್ಲಿ ನುರಿತವರು. ಹೂವು, ಸೊಪ್ಪು, ತರಕಾರಿಗಳ ಬೇಸಾಯ ಅವರ ಕುಲಕಸುಬು. ಲಾಲ್‌ಬಾಗಿನ ತೋಟಕ್ಕೆ ಹೈದರಾಲಿಯೇ ತಮ್ಮ ಪೂರ್ವಿಕರನ್ನು ಕರೆಸಿದನೆಂಬ ನಂಬಿಕೆ ಅವರಲ್ಲಿದೆ. ಅವರ ಹಬ್ಬವೇ ಕರಗ. ತಿಗಳರಪೇಟೆಯ ಧರ್ಮರಾಯಸ್ವಾಮಿ ದೇವಸ್ಥಾನದಿಂದ ಚೈತ್ರ ಪೌರ್ಣಮಿಯ ನಡುರಾತ್ರಿ, ಸ್ತ್ರೀವೇಷ ಧರಿಸಿದ ಪೂಜಾರಿ ಮಲ್ಲಿಗೆಯಿಂದ ಗೋಪುರದಂತೆ ಅಲಂಕರಿಸಿದ ಕರಗವನ್ನು ತಲೆಯ ಮೇಲಿಟ್ಟು ಹೊರಬರುತ್ತಾರೆ. ಸುತ್ತ ಕತ್ತಿ ಹಿಡಿದ ವೀರಕುಮಾರರು. ದ್ರೌಪದಿ ಅಸುರನ ಸಂಹಾರಕ್ಕಾಗಿ ಸೃಷ್ಟಿಸಿದ ವೀರರ ವಂಶದವರು ತಾವೆಂದೂ, ಆಕೆ ವರ್ಷಕ್ಕೊಮ್ಮೆ ತಮ್ಮ ಬಳಿಗೆ ಬರುವಳೆಂದೂ ಅವರ ನಂಬಿಕೆ. ದಾರಿಯುದ್ದಕ್ಕೂ ಜನ ಬಿಡಿ ಮಲ್ಲಿಗೆ ಎರಚುತ್ತಾರೆ. ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೂ ಕರಗ ಹೋಗಿ ಬರುತ್ತದೆ. ಮುಂಜಾನೆಯ ಹೊತ್ತಿಗೆ ಪೇಟೆಯ ಕಲ್ಲುದಾರಿಗಳೆಲ್ಲ ಮಲ್ಲಿಗೆಯಿಂದ ಬೆಳ್ಳಗಾಗಿರುತ್ತವೆ. ಇದನ್ನು ಪುಷ್ಪ ಪ್ರದರ್ಶನವೆಂದು ಯಾರೂ ಕರೆಯುವುದಿಲ್ಲ. ಇಲ್ಲಿ ಬಹುಮಾನವಿಲ್ಲ, ತೀರ್ಪುಗಾರರಿಲ್ಲ, ಟಿಕೆಟ್ಟೂ ಇಲ್ಲ. ನನ್ನ ಅಭಿಪ್ರಾಯದಲ್ಲಿ ನಗರದ ಹಳೆಯ ಪುಷ್ಪೋತ್ಸವ ಇದೇ.

ಹೂವಿನ ತೋಟಕ್ಕೆ ನೀರು ಬೇಕು. ಹಾಗಾಗಿ ಈ ಇತಿಹಾಸ ಕೆರೆಗಳ ಇತಿಹಾಸವೂ ಹೌದು. ಪೇಟೆಗೂ ದಂಡು ಪ್ರದೇಶಕ್ಕೂ ನಡುವೆ ಇದ್ದ ಸಂಪಂಗಿ ಕೆರೆಯ ಆಸುಪಾಸಿನಲ್ಲಿ ತಿಗಳರ ತೋಟಗಳಿದ್ದವು. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ, ಬಂಗಲೆಗಳ ನಿವಾಸಿಗಳು ಕೆರೆಯ ನೀರನ್ನು ತಗ್ಗಿಸಬೇಕೆಂದರೆ, ತೋಟಗಾರರು ನೀರು ನಿಲ್ಲಬೇಕೆಂದು ಕೇಳಿಕೊಂಡರು. 1896ರಲ್ಲಿ ಹೆಸರಘಟ್ಟದಿಂದ ಕೊಳಾಯಿ ನೀರು ಬಂದ ಮೇಲೆ ನಗರಕ್ಕೆ ಕೆರೆಗಳ ಹಂಗು ಕಡಿಮೆಯಾಯಿತು, ತೋಟಗಾರರಿಗೆ ಆಗಲಿಲ್ಲ. ಕಾಲಕ್ರಮೇಣ ಸಂಪಂಗಿ ಕೆರೆ ಬತ್ತಿತು. ಅದರ ಅಂಗಳದಲ್ಲಿ ಇಂದು ಕಂಠೀರವ ಕ್ರೀಡಾಂಗಣವಿದೆ. ಕರಗದ ವಿಧಿಗಳಿಗಾಗಿ ಒಂದು ಮೂಲೆಯಲ್ಲಿ ಒಂದು ಪುಟ್ಟ ಕೊಳ ಉಳಿದಿದೆ. ಹಬ್ಬವಿಲ್ಲದಿದ್ದರೆ ಅದೂ ಉಳಿಯುತ್ತಿರಲಿಲ್ಲವೇನೋ! ಮಾರು ಮಾರು ಹೂವು ಮಾರುವ ಕೃಷ್ಣರಾಜೇಂದ್ರ ಮಾರುಕಟ್ಟೆ ಕೂಡ ಸಿದ್ದಿಕಟ್ಟೆ ಎಂಬ ಕೆರೆಯಿದ್ದ ಜಾಗದಲ್ಲೇ ಎದ್ದದ್ದು. ಈಗ ಅಲ್ಲಿಗೆ ಮಲ್ಲಿಗೆ ತಮಿಳುನಾಡಿನ ಕಡೆಯಿಂದಲೂ ಬರುತ್ತದೆ.

ಕೋವಿಡ್ ಕಾಲದಲ್ಲಿ ಲಾಲ್‌ಬಾಗಿನ ಪ್ರದರ್ಶನ ನಿಂತಿತು. 2022ರ ಆಗಸ್ಟ್‌ನಲ್ಲಿ ಮರಳಿ ಆರಂಭವಾದಾಗ, ಡಾ. ರಾಜಕುಮಾರ್ ಮತ್ತು ಪುನೀತ್ ಅವರ ನೆನಪಿಗೆ ಸಮರ್ಪಿತವಾದ ಆ ಪ್ರದರ್ಶನಕ್ಕೆ ಜನಸಾಗರವೇ ಹರಿದುಬಂತು. ಕರಗ ಮಾತ್ರ 2020ರಲ್ಲಿಯೂ ನಿಲ್ಲಲಿಲ್ಲ. ಜನರಿಲ್ಲದೆ, ಮೆರವಣಿಗೆಯಿಲ್ಲದೆ, ದೇವಸ್ಥಾನದ ಆವರಣದೊಳಗೇ ಕೆಲವೇ ಮಂದಿ ವಿಧಿಯನ್ನು ನಡೆಸಿದರು. ದೇವಿಗೆ ಮಲ್ಲಿಗೆ ತಪ್ಪಲಿಲ್ಲ.

ಆ ಹುಡುಗ ಈಗ ಎಲ್ಲಿದ್ದಾನೋ ತಿಳಿಯದು. ನಿವೃತ್ತಿಯ ನಂತರ ಒಂದು ವರ್ಷ ನಾನೂ ನಿದ್ದೆಗೆಟ್ಟು ತಿಗಳರಪೇಟೆಯಲ್ಲಿ ನಿಂತೆ. ಕರಗ ಹೊರಬಂದದ್ದು ಎರಡು ಗಂಟೆಯೂ ದಾಟಿದ ಮೇಲೆ. ಪಕ್ಕದಲ್ಲಿದ್ದ ವೃದ್ಧೆಯೊಬ್ಬರು ನನ್ನ ಬರಿಗೈ ನೋಡಿ, ತಮ್ಮ ಸೆರಗಿನಿಂದ ಒಂದು ಹಿಡಿ ಮಲ್ಲಿಗೆ ತೆಗೆದು ನನ್ನ ಅಂಗೈಗೆ ಸುರಿದು, "ಎರಚಪ್ಪಾ," ಎಂದರು. ಎರಚಿದೆ.