ಮಗ್ಗಿಯಿಂದ ಎ ಪ್ಲಸ್‌ವರೆಗೆ: ಕಾಸರಗೋಡಿನ ಕನ್ನಡ ಶಾಲೆಗಳಲ್ಲಿ ಓದು ಮತ್ತು ಫಲಿತಾಂಶ

ಶಾಲೆಯೊಂದು ನೂರು ವರ್ಷ ಪೂರೈಸಿದಾಗ ಅದರ ಕಟ್ಟಡ, ಸ್ಥಳದಾನ ಮಾಡಿದವರು, ಆಡಳಿತ ನಡೆಸಿದವರು, ಮುಖ್ಯೋಪಾಧ್ಯಾಯರ ಪರಂಪರೆ ಇವೆಲ್ಲ ದಾಖಲಾಗುವುದು ಸಹಜ. ಆದರೆ ಆ ನೂರು ವರ್ಷಗಳಲ್ಲಿ ಮಕ್ಕಳು ಹೇಗೆ ಓದಿದರು, ಅವರ ಓದನ್ನು ಯಾರು ಯಾವ ಅಳತೆಗೋಲಿನಿಂದ ಅಳೆದರು ಎಂಬುದಕ್ಕೂ ಒಂದು ಚರಿತ್ರೆಯಿದೆ. ಹಳೆವಿದ್ಯಾರ್ಥಿಗಳು ಸೇರಿದಲ್ಲೆಲ್ಲ ಎರಡು ಮಾತು ಕೇಳಿಬರುತ್ತವೆ. ‘ನಮ್ಮ ಕಾಲದಲ್ಲಿ ಓದು ಎಂದರೆ ಓದಾಗಿತ್ತು’ ಎಂಬುದು ಒಂದು; ‘ಆಗ ಪಾಸಾಗುವುದೇ ದೊಡ್ಡದು, ಈಗ ಎಲ್ಲರಿಗೂ ಎ ಪ್ಲಸ್’ ಎಂಬುದು ಇನ್ನೊಂದು. ಈ ಎರಡು ಮಾತುಗಳಲ್ಲಿ ಎಷ್ಟು ಸತ್ಯವಿದೆಯೆಂದು ಕಾಸರಗೋಡು ನಾಡಿನ ಶಿಕ್ಷಣದ ಇತಿಹಾಸವನ್ನು ಮುಂದಿಟ್ಟುಕೊಂಡು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಎಣಿಕೆಗೆ ಸಿಗದ ಓದು

1799ರಲ್ಲಿ ಟಿಪ್ಪುವಿನ ಪತನದ ಬಳಿಕ ಕೆನರಾ ಈಸ್ಟ್ ಇಂಡಿಯಾ ಕಂಪೆನಿಯ ವಶವಾದಾಗ ಇಲ್ಲಿಗೆ ಮೊದಲ ಕಲೆಕ್ಟರನಾಗಿ ಬಂದವನು ಥಾಮಸ್ ಮನ್ರೊ. ಮುಂದೆ ಮದ್ರಾಸಿನ ಗವರ್ನರನಾದ ಆತನು 1822ರಲ್ಲಿ ಪ್ರಾಂತದ ಎಲ್ಲ ಜಿಲ್ಲೆಗಳಲ್ಲಿ ಎಷ್ಟು ಶಾಲೆಗಳಿವೆ, ಎಷ್ಟು ಮಕ್ಕಳು ಓದುತ್ತಿದ್ದಾರೆಂದು ವರದಿ ತರಿಸಿದನು. ಉಳಿದ ಜಿಲ್ಲೆಗಳಿಂದ ಅಂಕಿಸಂಖ್ಯೆಗಳು ಬಂದವು; ಕೆನರಾದಿಂದ ಬರಲಿಲ್ಲ. ಇಲ್ಲಿ ಮಕ್ಕಳ ವಿದ್ಯಾಭ್ಯಾಸ ಖಾಸಗಿಯಾಗಿ ನಡೆಯುತ್ತದೆ, ಅದನ್ನು ಪಟ್ಟಿಮಾಡುವುದು ಸುಲಭವಲ್ಲವೆಂಬುದು ಇಲ್ಲಿನ ಕಲೆಕ್ಟರನ ಉತ್ತರವಾಗಿತ್ತು.

ಪಟ್ಟಿಗೆ ಸಿಗದ ಆ ವಿದ್ಯಾಭ್ಯಾಸದ ಒಂದು ರೂಪವನ್ನು ನಮ್ಮ ಹಿರಿಯರು ‘ಐಗಳ ಮಠ’ವೆಂದು ಕರೆಯುತ್ತಿದ್ದರು. ಮನೆಯ ಜಗಲಿಯೋ ದೇವಸ್ಥಾನದ ಚಾವಡಿಯೋ ಶಾಲೆಯಾಗುತ್ತಿತ್ತು. ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುವುದು, ಕಾಗುಣಿತವನ್ನು ಗಟ್ಟಿಯಾಗಿ ಹೇಳುವುದು, ಮಗ್ಗಿಯನ್ನು ಬಾಯಿಪಾಠ ಮಾಡುವುದು, ಇದು ಅಲ್ಲಿನ ಕ್ರಮ. ಕಾಲು, ಅರೆ, ಮುಕ್ಕಾಲುಗಳ ಲೆಕ್ಕ ಬಾಯಲ್ಲಿ ಸಲೀಸಾಗಿ ಬರಬೇಕಾಗಿದ್ದುದು ಪರೀಕ್ಷೆಗಾಗಿ ಅಲ್ಲ. ಗೇಣಿಯ ಅಕ್ಕಿಯ ಮುಡಿ ಎಣಿಸುವಾಗ, ಅಡಿಕೆ ತೂಗುವಾಗ ಮೋಸಹೋಗದಿರಲು. ಓದಿದ್ದು ಬಂತೋ ಇಲ್ಲವೋ ಎಂಬುದನ್ನು ಬದುಕೇ ಪರೀಕ್ಷಿಸುತ್ತಿತ್ತು. ಆದರೆ ಈ ಓದು ಎಲ್ಲರಿಗೂ ದೊರೆಯುತ್ತಿರಲಿಲ್ಲ. ಹೆಣ್ಣುಮಕ್ಕಳಲ್ಲಿ ಬಹುತೇಕರೂ ಅಸ್ಪೃಶ್ಯರೆಂದು ದೂರವಿರಿಸಲ್ಪಟ್ಟ ಜಾತಿಗಳ ಮಕ್ಕಳೂ ಆ ಜಗಲಿಯಿಂದ ಹೊರಗೇ ಉಳಿದಿದ್ದರು. ಹಳೆಯ ಓದನ್ನು ಹೊಗಳುವಾಗ ಈ ಸಂಗತಿಯನ್ನು ಮರೆಯುವಂತಿಲ್ಲ.

ಫಲಿತಾಂಶಕ್ಕೆ ತಕ್ಕಷ್ಟು ಹಣ

1834ರಲ್ಲಿ ಬಾಸೆಲ್ ಮಿಶನ್ ಮಂಗಳೂರಿಗೆ ಬಂದ ಬಳಿಕ ಅಚ್ಚಿನ ಪುಸ್ತಕ, ತರಗತಿ, ವೇಳಾಪಟ್ಟಿಗಳುಳ್ಳ ಹೊಸ ಬಗೆಯ ಶಾಲೆ ಕರಾವಳಿಯಲ್ಲಿ ಬೇರೂರಿತು. 1854ರ ವುಡ್ ವರದಿಯ ನಂತರ ಖಾಸಗಿ ಶಾಲೆಗಳಿಗೆ ಸರಕಾರದ ಸಹಾಯಧನ ದೊರೆಯತೊಡಗಿತು. ಆ ಶತಮಾನದ ಉತ್ತರಾರ್ಧದಲ್ಲಿ ಮದ್ರಾಸ್ ಪ್ರಾಂತವು ಪ್ರಾಥಮಿಕ ಶಾಲೆಗಳಿಗೆ ಫಲಿತಾಂಶಾಧಾರಿತ ಅನುದಾನದ ಪದ್ಧತಿಯನ್ನು ಜಾರಿಗೆ ತಂದಿತು. ಇನ್‌ಸ್ಪೆಕ್ಟರು ಬಂದು ಓದು, ಬರಹ, ಲೆಕ್ಕಗಳಲ್ಲಿ ಮಕ್ಕಳನ್ನು ಪರೀಕ್ಷಿಸುವರು. ಉತ್ತೀರ್ಣರಾದವರ ಲೆಕ್ಕದಂತೆ ಶಾಲೆಗೆ ಹಣ ಸಲ್ಲುವುದು. ಮಗುವಿನ ಉತ್ತರಕ್ಕೂ ಮಾಸ್ಟ್ರ ಮನೆಯ ಗಂಜಿಗೂ ನೇರ ನಂಟು ಬಿದ್ದಿತು.

ಇದರ ಪರಿಣಾಮವನ್ನು ಊಹಿಸುವುದು ಕಷ್ಟವಲ್ಲ. ಇನ್‌ಸ್ಪೆಕ್ಟರು ಏನನ್ನು ಕೇಳುವರೋ ಅದನ್ನೇ ಕಲಿಸುವುದು, ಅದನ್ನೇ ಮತ್ತೆ ಮತ್ತೆ ಒಪ್ಪಿಸುವುದು ಶಾಲೆಯ ದಿನಚರಿಯಾಯಿತು. ನಾವಿಂದು ‘ಉರು ಹೊಡೆಯುವುದು’ ಎಂದು ಹಳಿಯುವ ಅಭ್ಯಾಸವು ಕೇವಲ ಮಠದ ಬಾಯಿಪಾಠದ ಮುಂದುವರಿಕೆಯಲ್ಲ. ಮಠದ ಬಾಯಿಪಾಠ ನೆನಪಿನ ಸಾಧನವಾಗಿತ್ತು. ಶಾಲೆಯ ಉರು ಅನುದಾನದ ಸಾಧನವಾಯಿತು. 20ನೆಯ ಶತಮಾನದ ಮೊದಲ ದಶಕದಲ್ಲಿ ಈ ಪದ್ಧತಿಯನ್ನು ಕೈಬಿಡಲಾಯಿತಾದರೂ ಅದು ಕಲಿಸಿಕೊಟ್ಟ ರೂಢಿ ಅಷ್ಟು ಬೇಗ ಶಾಲೆಯನ್ನು ಬಿಟ್ಟುಹೋಗಲಿಲ್ಲ.

ಹತ್ತಿರವಿದ್ದೂ ದೂರವಾಗಿದ್ದ ಎಸ್.ಎಸ್.ಎಲ್.ಸಿ.

ನೂರು ವರ್ಷಗಳ ಹಿಂದೆ, ನಮ್ಮ ಶಾಲೆಯ ಬಾಗಿಲು ತೆರೆದ ಕಾಲಕ್ಕೆ, ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು, ಆಳ್ವಿಕೆ ಮದ್ರಾಸಿನದು. 1920ರ ಮದ್ರಾಸ್ ಪ್ರಾಥಮಿಕ ಶಿಕ್ಷಣ ಕಾಯಿದೆಯ ಬಳಿಕ ಹಳ್ಳಿಗಳಲ್ಲಿ ಶಾಲೆಗಳು ಹೆಚ್ಚುತ್ತಿದ್ದವು. ಮೆಟ್ರಿಕ್ಯುಲೇಶನ್ನಿನ ಜಾಗದಲ್ಲಿ ಎಸ್.ಎಸ್.ಎಲ್.ಸಿ. ಪರೀಕ್ಷೆ 1911ರಲ್ಲಿಯೇ ಬಂದಿತ್ತು. ಆದರೆ ಹೈಸ್ಕೂಲು ಇದ್ದುದು ಕೆಲವೇ ಊರುಗಳಲ್ಲಿ. ಅಲ್ಲಿ ಮೇಲಿನ ಫಾರಂಗಳ ಪಾಠ ಬಹುಕಾಲ ಇಂಗ್ಲಿಷಿನಲ್ಲೇ ನಡೆಯುತ್ತಿತ್ತು. 1930 ಮತ್ತು 40ರ ದಶಕಗಳಲ್ಲಿ ಮಾತ್ರ ದೇಶಭಾಷೆಗಳು ಅಲ್ಲಿ ಬೋಧನ ಮಾಧ್ಯಮವಾಗಿ ನೆಲೆಗೊಂಡವು.

ಆದುದರಿಂದ ಹೆಚ್ಚಿನ ಮಕ್ಕಳ ಪಾಲಿಗೆ ಓದಿನ ಕೊನೆಯ ಮೆಟ್ಟಿಲು ಐದನೆಯ ತರಗತಿ, ಅನುಕೂಲವಿದ್ದವರಿಗೆ ಎಂಟನೆಯದು. ಎಂಟನೆಯ ತರಗತಿ ಪಾಸಾಗಿ ಟ್ರೈನಿಂಗ್ ಮುಗಿಸಿದವರು ಮಾಸ್ಟ್ರಾಗಬಹುದಾಗಿತ್ತು. ಈ ನಾಡಿನ ಕನ್ನಡ ಶಾಲೆಗಳನ್ನು ಕಟ್ಟಿದ ಅಧ್ಯಾಪಕರಲ್ಲಿ ಅನೇಕರು ಅಂಥವರು. ಇಂದಿನ ಲೆಕ್ಕದಲ್ಲಿ ಅವರು ‘ಎಂಟನೆಯ ಕ್ಲಾಸಿನವರು’; ಅವರ ಕನ್ನಡವನ್ನೂ ಅವರ ಕೈಬರಹವನ್ನೂ ಬಲ್ಲವರು ಹಾಗೆಂದು ಹಗುರವಾಗಿ ಹೇಳಲಾರರು. ಮಂಜೇಶ್ವರದ ಗೋವಿಂದ ಪೈಗಳು (1883–1963) ಮದ್ರಾಸಿನಲ್ಲಿ ಬಿ.ಎ. ಓದುತ್ತಿದ್ದಾಗ ತಂದೆಯ ಅಗಲಿಕೆಯಿಂದ ಪದವಿ ಪೂರೈಸದೆ ಊರಿಗೆ ಮರಳಬೇಕಾಯಿತು. ಅನಂತರ ಮನೆಯಲ್ಲಿ ಕುಳಿತು ಹಲವು ಭಾಷೆಗಳನ್ನು ಕಲಿತು ಸಂಶೋಧನೆ ಮಾಡಿದ ಅವರನ್ನು 1949ರಲ್ಲಿ ಮದ್ರಾಸ್ ಸರಕಾರ ರಾಷ್ಟ್ರಕವಿಯೆಂದು ಗೌರವಿಸಿತು. ಪರೀಕ್ಷೆ ಮುಗಿಯದಿದ್ದರೂ ಓದು ಮುಗಿಯದೆಂಬುದಕ್ಕೆ ಈ ನಾಡಿನಲ್ಲಿ ಇದಕ್ಕಿಂತ ದೊಡ್ಡ ನಿದರ್ಶನ ಬೇಕಿಲ್ಲ. ಆದರೆ ಪೈಗಳಿಗೆ ಮನೆಯಲ್ಲಿ ಗ್ರಂಥಭಂಡಾರವಿತ್ತು. ಐದನೆಯ ತರಗತಿಗೆ ಶಾಲೆ ಬಿಟ್ಟು ಅಡಿಕೆ ತೋಟದ ಕೆಲಸಕ್ಕೆ ಹೋದ ಹುಡುಗನಿಗೆ ಏನಿತ್ತು ಎಂಬ ಪ್ರಶ್ನೆಯನ್ನೂ ಚರಿತ್ರೆ ಕೇಳಬೇಕು.

1953ರಲ್ಲಿ ರಾಜಾಜಿಯವರ ಸರಕಾರ ಹಳ್ಳಿಯ ಪ್ರಾಥಮಿಕ ಶಾಲೆಗಳ ವೇಳೆಯನ್ನು ದಿನಕ್ಕೆ ಮೂರು ಗಂಟೆಗೆ ಇಳಿಸಿ, ಉಳಿದ ಹೊತ್ತು ಮಕ್ಕಳು ಮನೆಯ ಕಸುಬನ್ನು ಕಲಿಯಲೆಂಬ ಯೋಜನೆಯನ್ನು ತಂದಿತು. ಕುಲಕಸುಬಿಗೇ ಮಕ್ಕಳನ್ನು ಕಟ್ಟಿಹಾಕುವ ಉಪಾಯವಿದೆಂದು ತೀವ್ರ ವಿರೋಧ ಬಂದು, ಮರುವರ್ಷ ಕಾಮರಾಜರು ಮುಖ್ಯಮಂತ್ರಿಯಾದಾಗ ಅದು ರದ್ದಾಯಿತು. ಯೋಜನೆ ಹೋದರೂ ಅದರ ಹಿಂದಿನ ವಾಸ್ತವ ಹೋಗಲಿಲ್ಲ. ಬಡವರ ಮನೆಯ ಮಗು ಅರ್ಧ ದಿನ ದುಡಿಯುತ್ತಲೇ ಇತ್ತು. ನಮ್ಮ ಕಡೆ ದನ ಮೇಯಿಸುವುದು, ಅಡಿಕೆ ಹೆಕ್ಕುವುದು, ಸಂಜೆಯಾದರೆ ತಾಯಿಯ ಜೊತೆ ಕೂತು ಬೀಡಿ ಕಟ್ಟುವುದು ಇವೆಲ್ಲ ಓದಿನ ನಡುವೆಯೇ ನಡೆದವು. ಚಿಮಿಣಿ ದೀಪದ ಬುಡದಲ್ಲಿ ಒಬ್ಬರು ಪಾಠವನ್ನು ಗಟ್ಟಿಯಾಗಿ ಓದುವುದು, ಕೈಗೆ ಕೆಲಸವಿದ್ದ ಉಳಿದವರು ಕೇಳಿಸಿಕೊಂಡು ಕಲಿಯುವುದು ಬರಿಯ ಅಭ್ಯಾಸವಲ್ಲ, ಆ ಬದುಕಿಗೆ ಹೊಂದಿಕೊಂಡ ವಿಧಾನವಾಗಿತ್ತು.

ಗಡಿ ಬದಲಾದ ಮೇಲೆ

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಅದೇ ವರ್ಷ ಸಂವಿಧಾನದ ಏಳನೆಯ ತಿದ್ದುಪಡಿಯ ಮೂಲಕ ಬಂದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯಲ್ಲಿ ಶಿಕ್ಷಣದ ಸೌಲಭ್ಯ ಕಲ್ಪಿಸಬೇಕೆಂದು ರಾಜ್ಯಗಳಿಗೆ ಹೇಳಿತು. ಆದರೆ ತಾಯ್ನುಡಿಯೆಂಬ ಮಾತು ಇಲ್ಲಿ ಅಷ್ಟು ಸರಳವಲ್ಲ. ನಮ್ಮ ಕನ್ನಡ ಶಾಲೆಯ ಒಂದೇ ಬೆಂಚಿನಲ್ಲಿ ತುಳು, ಹವ್ಯಕ ಕನ್ನಡ, ಕೊಂಕಣಿ, ಮಲಯಾಳ, ಬ್ಯಾರಿ, ಮರಾಠಿ ಮನೆಮಾತಿನ ಮಕ್ಕಳು ಕೂರುತ್ತಿದ್ದರು. ಹಲವರಿಗೆ ಕನ್ನಡವೇ ಶಾಲೆಯಲ್ಲಿ ಕಲಿತ ಮೊದಲ ಹೊಸ ಭಾಷೆ. ಯಕ್ಷಗಾನ ತಾಳಮದ್ದಳೆ, ಭಜನೆಗಳಲ್ಲಿ ಗ್ರಾಂಥಿಕ ಕನ್ನಡವನ್ನು ಕಿವಿಯಲ್ಲಿ ತುಂಬಿಕೊಂಡಿದ್ದುದರಿಂದ ಅದು ಪರಕೀಯವೆನಿಸಲಿಲ್ಲ. ಕುಂಬಳೆಯ ಪಾರ್ತಿಸುಬ್ಬನ ಪ್ರಸಂಗಗಳು ನಡೆಯುವ ನಾಡಿನಲ್ಲಿ ಪದ್ಯದ ಪಾಠಕ್ಕೆ ಊರೇ ಅರ್ಧ ಅಧ್ಯಾಪಕನಾಗಿತ್ತು.

ಕಷ್ಟ ಬಂದುದು ಹೈಸ್ಕೂಲಿನಲ್ಲಿ. ಪಠ್ಯಕ್ರಮ ಕೇರಳದ್ದು, ಮಾಧ್ಯಮ ಕನ್ನಡ. ಕರ್ನಾಟಕದಲ್ಲಿ ದೊರೆಯುವ ಗೈಡುಗಳಲ್ಲಿ ಪಠ್ಯ ಬೇರೆ. ಕೇರಳದಲ್ಲಿ ದೊರೆಯುವ ಗೈಡುಗಳಲ್ಲಿ ಭಾಷೆ ಬೇರೆ. ಕನ್ನಡ ಪಠ್ಯಪುಸ್ತಕ ತಡವಾಗಿ ಕೈಸೇರುವ, ಕನ್ನಡ ಬಾರದವರು ಕನ್ನಡ ತರಗತಿಗೆ ನೇಮಕವಾಗುವ ದೂರುಗಳನ್ನು ಈ ನಾಡು ಮತ್ತೆ ಮತ್ತೆ ಕೇಳಿದೆ. ಈ ಕೊರತೆಯ ನಡುವೆ ಬೆಳೆದುದೇ ನೋಟ್ಸಿನ ಸಂಸ್ಕೃತಿ. ಅಧ್ಯಾಪಕರು ಬರೆಸಿದ ಟಿಪ್ಪಣಿಯನ್ನು ಮುತುವರ್ಜಿಯಿಂದ ಬರೆದುಕೊಳ್ಳುವುದು, ಅಣ್ಣನ ನೋಟ್ಸು ತಂಗಿಗೆ, ಅವಳದು ನೆರೆಮನೆಯ ಹುಡುಗನಿಗೆ ದಾಟುವುದು. ಹೀಗೆ ಕೈಯಿಂದ ನಕಲು ಮಾಡುತ್ತ ಮಕ್ಕಳು ಬರೆಯುವುದನ್ನು ಕಲಿತರು. ಪೆರಡಾಲದ ಶಾಲೆಯಲ್ಲಿ ಅಧ್ಯಾಪಕರಾಗಿದ್ದ ಕಯ್ಯಾರ ಕಿಞ್ಞಣ್ಣ ರೈಗಳಂಥವರು ಪಾಠ ಹೇಳುತ್ತಲೇ ಕವಿತೆಯನ್ನೂ ಕನ್ನಡದ ಹೋರಾಟವನ್ನೂ ನಡೆಸಿದ ಕಾಲವದು.

ಕೇರಳದ ಎಸ್.ಎಸ್.ಎಲ್.ಸಿ.ಯಲ್ಲಿ ಬಹುಕಾಲ ಒಟ್ಟು ಅಂಕ 600, ತೇರ್ಗಡೆಗೆ 210. ಪ್ರಥಮ ದರ್ಜೆಗೆ 360, ಡಿಸ್ಟಿಂಕ್ಷನ್ನಿಗೆ 480. ಈ ‘ಇನ್ನೂರ ಹತ್ತು’ ಒಂದು ತಲೆಮಾರಿನ ಬದುಕನ್ನು ಎರಡಾಗಿ ಸೀಳಿತು. ಗೆರೆ ದಾಟಿದವರು 1957ರಲ್ಲಿ ಆರಂಭವಾದ ಕಾಸರಗೋಡು ಸರಕಾರಿ ಕಾಲೇಜಿಗೋ ಮಂಗಳೂರು, ಪುತ್ತೂರುಗಳಿಗೋ ಹೋದರು. ದಾಟದವರು ಮುಂಬಯಿಯ ಹೋಟೆಲು, ಕೊಲ್ಲಿಯ ದೇಶಗಳು, ಊರಿನ ತೋಟ, ಬೀಡಿ ಹೀಗೆ ಚದರಿಹೋದರು. ಸಪ್ಟೆಂಬರಿನಲ್ಲಿ ಮತ್ತೆ ಕಟ್ಟಿ ಪಾಸಾದವರೂ ಇದ್ದರು. ಇಂದು ಶಾಲೆಗೆ ಕೊಠಡಿ ಕಟ್ಟಿಸಿಕೊಡುವ, ಮಕ್ಕಳಿಗೆ ಪುಸ್ತಕ ಕೊಡಿಸುವ ಹಳೆವಿದ್ಯಾರ್ಥಿಗಳಲ್ಲಿ ಆ ಗೆರೆಯ ಆಚೆಗೂ ಈಚೆಗೂ ಇದ್ದವರಿದ್ದಾರೆ.

ಅಂಕದಿಂದ ಶ್ರೇಣಿಗೆ

1994ರಲ್ಲಿ ಜಿಲ್ಲಾ ಪ್ರಾಥಮಿಕ ಶಿಕ್ಷಣ ಯೋಜನೆಯು ಕೇರಳದಲ್ಲಿ ಮೊದಲು ಕಾಲಿಟ್ಟ ಮೂರು ಜಿಲ್ಲೆಗಳಲ್ಲಿ ಕಾಸರಗೋಡೂ ಒಂದು. ಬಾಯಿಪಾಠದ ಸ್ಥಾನಕ್ಕೆ ಚಟುವಟಿಕೆ, ಗುಂಪುಚರ್ಚೆಗಳು ಬಂದವು. 2005ರಲ್ಲಿ ಎಸ್.ಎಸ್.ಎಲ್.ಸಿ.ಯಲ್ಲಿ ಅಂಕಗಳ ಬದಲು ಶ್ರೇಣಿ ಬಂದಿತು. 210ರ ಗೆರೆ ಅಳಿಯಿತು, ರ‍್ಯಾಂಕಿನ ಗದ್ದಲವೂ ಅಡಗಿತು. ವರ್ಷವಿಡೀ ನಡೆಯುವ ಮೌಲ್ಯಮಾಪನಕ್ಕೂ ಅಂತಿಮ ಶ್ರೇಣಿಯಲ್ಲಿ ಪಾಲು ದೊರೆಯಿತು. 2023ರಲ್ಲಿ ರಾಜ್ಯದ ತೇರ್ಗಡೆಯ ಪ್ರಮಾಣ ಶೇ. 99.70. ಹೆಚ್ಚುಕಡಿಮೆ ಎಲ್ಲರೂ ತೇರ್ಗಡೆಯಾಗುವಾಗ ‘ನೂರು ಶೇಕಡ ಫಲಿತಾಂಶ’ದ ಫಲಕವು ಶಾಲೆಯ ಬಗೆಗೆ ಹೆಚ್ಚೇನನ್ನೂ ಹೇಳದು. ಎಂಟನೆಯ ತರಗತಿಯಿಂದ ಆರಂಭಿಸಿ ಲಿಖಿತ ಪರೀಕ್ಷೆಯಲ್ಲಿ ಪ್ರತಿ ವಿಷಯಕ್ಕೂ ಶೇ. 30 ಕನಿಷ್ಠ ಅಂಕ ಬೇಕೆಂದು 2024ರಲ್ಲಿ ಸರಕಾರ ನಿರ್ಧರಿಸಿದುದರ ಹಿಂದೆ ಈ ಅರಿವೇ ಇದೆ. ಅಳಿದ ಗೆರೆಯನ್ನು ಇನ್ನೊಂದು ಕಡೆ ಮತ್ತೆ ಎಳೆಯಲಾಗುತ್ತಿದೆ.

ಹಾಗಾದರೆ ಆರಂಭದ ಆ ಎರಡು ಮಾತುಗಳಲ್ಲಿ ಸತ್ಯ ಯಾವುದು? ಎರಡರಲ್ಲೂ ಅರ್ಧ ಮಾತ್ರ. ಹಿಂದೆ ಪರೀಕ್ಷೆಗೆ ಕೂತವರು ಗಟ್ಟಿಗರಾಗಿ ಕಾಣುವುದಕ್ಕೆ ಒಂದು ಕಾರಣ, ಉಳಿದವರು ಆ ಮೊದಲೇ ಶಾಲೆ ಬಿಟ್ಟಿದ್ದುದು. ಒಂದನೆಯ ತರಗತಿಗೆ ಸೇರಿದ ಎಲ್ಲರನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಹಳೆಯ ಕಾಲದ ‘ಒಳ್ಳೆಯ ಫಲಿತಾಂಶ’ ಬಹಳ ಸಣ್ಣದಾಗುತ್ತದೆ. ಕೂಲಿಯವರ ಮಗಳೂ ಹತ್ತನೆಯ ತರಗತಿ ಮುಗಿಸುವ ಇಂದಿನ ಸ್ಥಿತಿ ಈ ಶತಮಾನದ ನಿಜವಾದ ಗಳಿಕೆ. ಅದನ್ನು ‘ಈಗ ಎಲ್ಲರೂ ಪಾಸು’ ಎಂದು ಹೀಯಾಳಿಸುವುದು ಸಲ್ಲದು. ಹಾಗೆಯೇ, ಸಂಜೆ ಗಟ್ಟಿಯಾಗಿ ಓದುವ, ಕೈಯಾರೆ ಬರೆಯುವ, ಒಂದು ಭಾಷೆಯಲ್ಲಿ ಕೇಳಿ ಇನ್ನೊಂದರಲ್ಲಿ ಹೇಳುವ ಅಭ್ಯಾಸಗಳು ಟ್ಯೂಶನ್ನಿನ ಮತ್ತು ಮೊಬೈಲಿನ ನಡುವೆ ಸದ್ದಿಲ್ಲದೆ ಕಳೆದುಹೋಗುತ್ತಿರುವುದೂ ಸತ್ಯ. ಮನ್ರೊನ ಕಾಲದಿಂದ ಇಂದಿನವರೆಗೆ ಯಾವ ಸರಕಾರವೂ ಆ ಅಭ್ಯಾಸಗಳನ್ನು ಅಳೆಯಲಿಲ್ಲ. ಈ ನಾಡಿನ ಕನ್ನಡ ಉಳಿದುದು ಬಹುಮಟ್ಟಿಗೆ ಅವುಗಳಿಂದಲೇ.

ಶತಮಾನೋತ್ಸವದ ನೆಪದಲ್ಲಿ ಎರಡು ಕೆಲಸಗಳು ಆಗಬಹುದು. ಶಾಲೆಯ ದಾಖಲಾತಿ ಪುಸ್ತಕಗಳನ್ನು, ವಿಶೇಷವಾಗಿ ‘ಶಾಲೆ ಬಿಟ್ಟ ಕಾರಣ’ದ ಅಂಕಣವನ್ನು ಕುಳಿತು ಓದಿ, ತರಗತಿವಾರು ಎಷ್ಟು ಮಕ್ಕಳು ಉಳಿದರೆಂದು ಪಟ್ಟಿಮಾಡುವುದು ಒಂದು. ಮನೆಗಳ ಅಟ್ಟದಲ್ಲಿ ಧೂಳು ಹಿಡಿದಿರುವ ಹಳೆಯ ನೋಟ್ಸು, ಪ್ರಶ್ನೆಪತ್ರಿಕೆ, ಎಸ್.ಎಸ್.ಎಲ್.ಸಿ. ಪುಸ್ತಕಗಳನ್ನು ಸಂಗ್ರಹಿಸಿ ಶಾಲೆಯ ಗ್ರಂಥಾಲಯದಲ್ಲಿಡುವುದು ಇನ್ನೊಂದು. ಹೆತ್ತವರಿಂದಾಗುವ ಮೂರನೆಯ ಕೆಲಸವೂ ಇದೆ: ದಿನಕ್ಕೆ ಕಾಲು ಗಂಟೆ ಮಗು ಕನ್ನಡ ಪಾಠವನ್ನು ಗಟ್ಟಿಯಾಗಿ ಓದಲಿ, ಮನೆಯವರು ಕೆಲಸ ಮಾಡುತ್ತಲೇ ಕೇಳಿಸಿಕೊಳ್ಳಲಿ. ಇದಕ್ಕೆ ಶುಲ್ಕವಿಲ್ಲ, ಶ್ರೇಣಿಯೂ ಇಲ್ಲ.