ಯಾವ ನೆರಳಿನಲ್ಲಿ?

ಸಂಶೋಧನೆಯ ಮೊದಲ ವರ್ಷ. ಇಂಗ್ಲೆಂಡಿನ ಹಳೆಯ ಹವಾಮಾನ ದಾಖಲೆಗಳ ಅಂಕಿಗಳನ್ನು ಕಂಪ್ಯೂಟರಿಗೆ ಇಳಿಸುತ್ತಿದ್ದೆ. ಒಂದು ಕೇಂದ್ರದ ಬೇಸಿಗೆಯ ಗರಿಷ್ಠ ಉಷ್ಣಾಂಶ ಒಂದು ವರ್ಷದಿಂದಾಚೆಗೆ ಥಟ್ಟನೆ ಇಳಿದಿತ್ತು. ಊರು ತಂಪಾಯಿತೆಂದು ಉತ್ಸಾಹದಿಂದ ಎರಡು ಪುಟ ಬರೆದೆ. ಮಾರ್ಗದರ್ಶಕರು ಓದಿ ಕೇಳಿದ್ದು ಒಂದೇ ಪ್ರಶ್ನೆ: "ಥರ್ಮಾಮೀಟರ್ ಯಾವ ನೆರಳಿನಲ್ಲಿತ್ತು?"

ನನ್ನಲ್ಲಿ ಉತ್ತರವಿರಲಿಲ್ಲ.

ಬಿಸಿಲಿಗೆ ಒಡ್ಡಿದ ಥರ್ಮಾಮೀಟರ್ ಗಾಳಿಯ ಬಿಸಿಯನ್ನು ತೋರಿಸುವುದಿಲ್ಲ, ತಾನು ಕಾದ ಬಿಸಿಯನ್ನು ತೋರಿಸುತ್ತದೆ. ಮಳೆಯಲ್ಲಿ ನೆನೆದರೆ, ನೀರು ಆರುವಾಗ ಇದ್ದುದಕ್ಕಿಂತ ತಣ್ಣಗೆ ತೋರಿಸುತ್ತದೆ. ಹಾಗೆಂದು ಪೂರ್ತಿ ಮುಚ್ಚಿಟ್ಟರೆ ಗಾಳಿಯೇ ಆಡದು. ಬಿಸಿಲು, ಮಳೆ, ಹಿಮ ಒಳಗೆ ಬರಬಾರದು. ಗಾಳಿ ಮಾತ್ರ ಬರಬೇಕು. ಹತ್ತೊಂಬತ್ತನೇ ಶತಮಾನದ ಹವಾಮಾನ ತಜ್ಞರನ್ನು ಕಾಡಿದ್ದು ಈ ಇಕ್ಕಟ್ಟು.

ಗ್ರೀನಿಚ್ ವೀಕ್ಷಣಾಲಯದ ಜೇಮ್ಸ್ ಗ್ಲೇಷರ್ ಬಳಸಿದ್ದು ತೆರೆದ ಮರದ ಹಲಗೆ, ಮೇಲೊಂದು ಪುಟ್ಟ ಮಾಡು. ಸೂರ್ಯ ಸರಿದಂತೆ ಹಲಗೆಯನ್ನು ಕೈಯಿಂದ ತಿರುಗಿಸಬೇಕಿತ್ತು. ತಿರುಗಿಸಿದರೂ ಕಾದ ನೆಲದ ಝಳ ತಪ್ಪುತ್ತಿರಲಿಲ್ಲ.

1864ರಲ್ಲಿ ಸ್ಕಾಟ್ಲೆಂಡಿನ ಎಂಜಿನಿಯರ್ ಥಾಮಸ್ ಸ್ಟೀವನ್‌ಸನ್ ಬೇರೊಂದು ದಾರಿ ಸೂಚಿಸಿದರು. ಅವರದು ದೀಪಸ್ತಂಭಗಳನ್ನು ಕಟ್ಟುವ ಮನೆತನ. ಮಗ ರಾಬರ್ಟ್ ಲೂಯಿ ಮಾತ್ರ ಆ ಕಸುಬು ಬಿಟ್ಟು 'ಟ್ರೆಷರ್ ಐಲೆಂಡ್' ಬರೆದ. ತಂದೆಯ ಸಲಹೆ ಸರಳವಾಗಿತ್ತು: ಬಿಳಿ ಬಣ್ಣದ ಮರದ ಪೆಟ್ಟಿಗೆ, ನಾಲ್ಕೂ ಬದಿಗೆ ಎರಡು ಸಾಲು ಓರೆ ಪಟ್ಟಿಗಳು. ಗಾಳಿ ನುಸುಳುತ್ತದೆ, ಬಿಸಿಲು ನುಸುಳದು. 1880ರ ದಶಕದಲ್ಲಿ ಲಂಡನ್ನಿನ ರಾಯಲ್ ಮೆಟಿಯೊರಲಾಜಿಕಲ್ ಸೊಸೈಟಿ ಅದನ್ನು ತಿದ್ದಿ ರೂಢಿಗೆ ತಂದಿತು. ನಮ್ಮ ಉತ್ತರ ಗೋಳದಲ್ಲಿ ಇಂದಿಗೂ ಅದರ ಬಾಗಿಲು ಉತ್ತರಕ್ಕೆ. ತೆರೆದಾಗಲೂ ಬಿಸಿಲು ತಾಗಬಾರದಲ್ಲ! ಪೆಟ್ಟಿಗೆಗೂ ಮಿತಿಗಳಿವೆ. ಗಾಳಿಯಿಲ್ಲದ ಸುಡುಬಿಸಿಲಿನಲ್ಲಿ ಒಳಗೆ ತುಸು ಕಾವು ಕೂರುತ್ತದೆ. ಬಿರುಗಾಳಿಗೆ ಹಿಮದ ಪುಡಿ ಒಳನುಗ್ಗುತ್ತದೆ.

ಭಾರತದ ಕತೆ ಬೇರೆ. 1875ರಲ್ಲಿ ಹವಾಮಾನ ಇಲಾಖೆ ಹುಟ್ಟಿದ ಮೇಲೂ ದಶಕಗಳ ಕಾಲ ಇಲ್ಲಿ ಥರ್ಮಾಮೀಟರುಗಳು ಬದಿ ತೆರೆದ ಹುಲ್ಲು ಚಪ್ಪರದ ಕೆಳಗಿದ್ದವು. ಸ್ಟೀವನ್‌ಸನ್ ಪೆಟ್ಟಿಗೆ ಬಂದದ್ದು ಆಮೇಲೆ.

ನನ್ನ ಊರು ತಂಪಾಗಿರಲಿಲ್ಲ. ಗ್ಲೇಷರ್ ಹಲಗೆ ಹೋಗಿ ಸ್ಟೀವನ್‌ಸನ್ ಪೆಟ್ಟಿಗೆ ಬಂದಿತ್ತು, ಅಷ್ಟೇ. ಭೂಮಿ ಬಿಸಿಯಾಗಿದೆ ಎನ್ನುವಾಗ ನಾವು ಲೆಕ್ಕ ಹಾಕುವುದೂ ಒಂದು, ಒಂದೂವರೆ ಡಿಗ್ರಿಯನ್ನೇ. ಇಂಥ ಬದಲಾವಣೆಗಳನ್ನು ಹುಡುಕಿ ಸರಿಪಡಿಸಿದ ಮೇಲೂ ಆ ಏರಿಕೆ ಉಳಿಯುತ್ತದೆ ಎಂಬುದೇ ಅದರ ಬಲ.

ಆ ಎರಡು ಪುಟ ಹರಿದು ಹಾಕಿದೆ. ಈಗ ನನ್ನ ಪ್ರತಿ ಕೋಷ್ಟಕದಲ್ಲೂ ದಿನಾಂಕ, ಉಷ್ಣಾಂಶಗಳ ಪಕ್ಕದಲ್ಲಿ ಇನ್ನೊಂದು ಕಾಲಂ ಇದೆ: ನೆರಳು.