ಪರೀಕ್ಷೆಯ ಆತಂಕ ಮತ್ತು ಭಾವನಾತ್ಮಕ ಕೌಶಲ: ನುಗ್ಗೇಹಳ್ಳಿ ಸೀಮೆಯ ಹಿನ್ನೆಲೆಯಲ್ಲಿ ಒಂದು ವಿವೇಚನೆ

2019ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಹಾಸನ ಜಿಲ್ಲೆ ಶೇ 89.33ರೊಂದಿಗೆ ರಾಜ್ಯಕ್ಕೇ ಮೊದಲ ಸ್ಥಾನ ಪಡೆಯಿತು. ರಾಜ್ಯದ ಫಲಿತಾಂಶ ಆಗ ಶೇ 73.70. ಇಂಥ ಸ್ಥಾನ ಸಿಕ್ಕ ಮೇಲೆ ಅದನ್ನು ಉಳಿಸಿಕೊಳ್ಳುವ ಹೊರೆ ಶಿಕ್ಷಕರ ಹೆಗಲಿಗೆ ಬೀಳುತ್ತದೆ. ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯಂಥ ಹೋಬಳಿ ಊರುಗಳ ಮಕ್ಕಳಿಗೆ ಆ ಹೊರೆ ತಲುಪುವುದು ವಿಶೇಷ ತರಗತಿ, ಪೂರ್ವಸಿದ್ಧತಾ ಪರೀಕ್ಷೆ, ಪಾಸಾಗಲು ಬೇಕಾದಷ್ಟನ್ನೇ ಕಲಿಸುವ ‘ಪಾಸಿಂಗ್ ಪ್ಯಾಕೇಜ್’ಗಳ ರೂಪದಲ್ಲಿ.

ಇಂಥ ಹೊರೆ ಹೆಚ್ಚಿಸುವ ಪರೀಕ್ಷೆಯ ಆತಂಕದಲ್ಲಿ ಎರಡು ಎಳೆಗಳಿವೆಯೆಂದು ಮನೋವಿಜ್ಞಾನಿಗಳಾದ ಲೀಬರ್ಟ್ ಮತ್ತು ಮಾರಿಸ್ 1967ರಲ್ಲೇ ಗುರುತಿಸಿದ್ದರು. ಎದೆ ಹೊಡೆದುಕೊಳ್ಳುವುದು, ಕೈ ಬೆವರುವುದು ಒಂದು. ‘ಫೇಲಾದರೆ ಅಪ್ಪ ಏನಂದಾರು’ ಎಂಬ ಚಿಂತೆ ಇನ್ನೊಂದು. ಅಂಕಗಳಿಗೆ ಹೆಚ್ಚು ಪೆಟ್ಟು ಕೊಡುವುದು ಈ ಚಿಂತೆಯೇ. ಶಾಲೆಗಳಲ್ಲಿ ಸಾಮಾನ್ಯವಾಗಿ ಮಾಡಿಸುವ ಧ್ಯಾನ, ಉಸಿರಾಟದ ಅಭ್ಯಾಸ ಮುಖ್ಯವಾಗಿ ಮೊದಲನೆಯದನ್ನು ಮುಟ್ಟುತ್ತವೆ. ಚಿಂತೆಯನ್ನೇ ಮುಟ್ಟುವ ದಾರಿಯೂ ಇದೆ: ಸಂಶೋಧಕರಾದ ರಮಿರೆಜ್ ಮತ್ತು ಬೈಲಾಕ್ 2011ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಪರೀಕ್ಷೆಗೆ ತುಸು ಮುಂಚೆ ತಮ್ಮ ಅಂಜಿಕೆಯನ್ನು 10 ನಿಮಿಷ ಬರೆದಿಟ್ಟ ಹೆಚ್ಚು ಆತಂಕದ ವಿದ್ಯಾರ್ಥಿಗಳು ಉತ್ತಮ ಅಂಕ ಪಡೆದರು. ಕಾಗದ, ಪೆನ್ನು ಬಿಟ್ಟರೆ ಇದಕ್ಕೆ ಬೇರೇನೂ ಬೇಡ.

ಶಾಲೆಯಲ್ಲಿ ಇಂಥ ಕೌಶಲ ಕಲಿಸಿದರೆ ಏನಾಗುತ್ತದೆ ಎಂಬುದಕ್ಕೆ ನಮಗೆ ಹತ್ತಿರದ ಪುರಾವೆ ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್‌ನದು. ಶಿಕ್ಷಕರೇ ಕಲಿಸಿದ ಜೀವನ ಕೌಶಲ ಕಾರ್ಯಕ್ರಮದ 605 ಮಕ್ಕಳನ್ನು, ಅದಿಲ್ಲದ ಶಾಲೆಗಳ 423 ಮಕ್ಕಳೊಂದಿಗೆ ಹೋಲಿಸಿದ ಅಧ್ಯಯನವನ್ನು ಶ್ರೀಕಲಾ ಭರತ್ ಮತ್ತು ಕಿಶೋರ್ ಕುಮಾರ್ 2010ರಲ್ಲಿ ಪ್ರಕಟಿಸಿದರು. ಕೌಶಲ ಕಲಿತವರಲ್ಲಿ ಆತ್ಮಗೌರವ, ಕಷ್ಟ ನಿಭಾಯಿಸುವ ಬಗೆ, ಶಿಕ್ಷಕರೊಂದಿಗಿನ ಹೊಂದಾಣಿಕೆ ಉತ್ತಮವಾಗಿದ್ದವು. ಆದರೆ ಮನೆಯಲ್ಲಿನ ಹೊಂದಾಣಿಕೆಯಲ್ಲಿ, ಮಾನಸಿಕ ತೊಂದರೆಗಳ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ. ಲಾಭವನ್ನಷ್ಟೇ ಉಲ್ಲೇಖಿಸಿ ಈ ಭಾಗವನ್ನು ದಾಟಿಹೋಗುವುದು ಸುಲಭ. ನನಗೆ ಮುಖ್ಯವಾಗಿ ಕಾಣುವುದು ಇದೇ: ಶಾಲೆಯಲ್ಲಿ ಕಲಿತ ಧೈರ್ಯ ಮನೆಯ ಹೊಸಿಲು ದಾಟಿಲ್ಲ, ಚಿಂತೆಯ ಬೇರಾದರೋ ಅಲ್ಲೂ ಇದೆ.

ಇನ್ನೊಂದು ತೊಡಕು ಶಿಕ್ಷಕರದು. ‘ಹೆದರಬೇಡ’ ಎನ್ನಬೇಕಾದವರೂ ‘ಫಲಿತಾಂಶ ಕಡಿಮೆಯಾದರೆ ನಾವೇನು ಉತ್ತರ ಕೊಡೋಣ’ ಎನ್ನುವವರೂ ಒಬ್ಬರೇ. ಎಸ್ಸೆಸ್ಸೆಲ್ಸಿಯಲ್ಲಿ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ಅವಕಾಶವಿದೆ. ಮಗುವಿನ ಚಿಂತೆಯನ್ನು ಹಗುರಗೊಳಿಸಬಲ್ಲ ಈ ಸಂಗತಿಯನ್ನು ‘ಓದುವುದನ್ನು ಬಿಟ್ಟಾರು’ ಎಂಬ ಅಳುಕಿನಿಂದ ಮೆಲ್ಲಗೆ ಹೇಳಬೇಕಿಲ್ಲ.

ಆದ್ದರಿಂದ ಕೌಶಲ ಪಾಠ ಪೂರ್ವಸಿದ್ಧತಾ ಪರೀಕ್ಷೆಯ ಆಸುಪಾಸಿನಲ್ಲೇ ನಡೆಯಬೇಕು. ಕಡಿಮೆ ಅಂಕ ಬಂದುದನ್ನು ಮನೆಯಲ್ಲಿ ಹೇಳುವ ಬಗೆಯನ್ನು ಮಕ್ಕಳು ಅಭಿನಯಿಸಿ ನೋಡಲಿ. ಅದೇ ವಾರ ಪೋಷಕರ ಸಭೆಯಲ್ಲಿ ಅದನ್ನು ಕೇಳಿಸಿಕೊಳ್ಳುವ ಪಾತ್ರ ತಂದೆತಾಯಿಗೆ ಸಿಗಲಿ. ನಿದ್ದೆ, ಊಟ ಕೆಟ್ಟ ಮಗುವಿಗೆ ಇಷ್ಟು ಸಾಲದು. ಅಂಥವರಿಗಾಗಿ 2022ರಿಂದ ಟೆಲಿ ಮಾನಸ್ ಸಹಾಯವಾಣಿ 14416 ಇದೆ, ಕನ್ನಡದಲ್ಲೇ ಮಾತಾಡಬಹುದು.